ಕೆಲಸದ ದಿನದ ರಾತ್ರಿ ಊಟಕ್ಕೆ ಖೀಮಾ ಕ್ಯಾಸರೋಲ್: ನೀರು ಬಿಡದಂತೆ, ಖೀಮಾ ರಬ್ಬರ್ ಆಗದಂತೆ ಮಾಡುವ ಕ್ರಮ

ಖೀಮಾ ಕ್ಯಾಸರೋಲ್ ಅಂದರೆ ಮ್ಯಾಕರೋನಿ, ಖೀಮಾ, ಬಿಳಿ ಸಾಸ್ ಪದರವಾಗಿ ಜೋಡಿಸಿ, ಮೇಲೆ ಚೀಸ್ ಹಾಕಿ ಓವನ್ನಿನಲ್ಲಿ ಬೇಕ್ ಮಾಡುವ ಅಡುಗೆ. ಅದನ್ನು ಮಾಡಲು ಹೋಗಿ ಕೆಡಿಸಿಕೊಂಡವರ ದೂರು ಮೂರೇ ಮೂರು. ತಟ್ಟೆಗೆ ಬಡಿಸಿದ ಕೂಡಲೇ ಕೆಂಪು ನೀರು ಹರಿಯುತ್ತದೆ. ಮೇಲೆ ಚೀಸ್ ಕಪ್ಪಾಗಿದೆ, ಒಳಗೆ ಖೀಮಾ ಇನ್ನೂ ಜಗಿಯಲು ಆಗುವುದಿಲ್ಲ. ಮ್ಯಾಕರೋನಿ ಕರಗಿ ಅಂಟಾಗಿದೆ.

ಮೊದಲ ಎರಡಕ್ಕೂ ಮೂಲ ಒಂದೇ. ಓವನ್ ಬೇಯಿಸಿಕೊಳ್ಳುತ್ತದೆ ಅಂತ ನಂಬಿ ಅರೆಬೆಂದದ್ದನ್ನು ಒಳಗೆ ತಳ್ಳುವುದು. ಮೂರನೆಯದು ಅದಕ್ಕೆ ಉಲ್ಟಾ: ಪೂರ್ತಿ ಬೆಂದ ಮ್ಯಾಕರೋನಿಯನ್ನು ಇನ್ನೊಮ್ಮೆ ಬೇಯಿಸುವುದು. ನಮ್ಮ ಮನೆಗಳ ಸಣ್ಣ ಓಟಿಜಿ (ಕಟ್ಟೆಯ ಮೇಲಿಡುವ ಕರೆಂಟಿನ ಓವನ್) 20 ನಿಮಿಷದಲ್ಲಿ ಮಾಡುವ ಕೆಲಸ ಎರಡೇ. ಪದರಗಳನ್ನು ಒಟ್ಟಿಗೆ ಹಿಡಿಸುತ್ತದೆ, ಮೇಲ್ಭಾಗ ಕೆಂಪಗೆ ಮಾಡುತ್ತದೆ. ಖೀಮಾ ಬೇಯುವುದು, ನೀರು ಆರುವುದು, ಉಪ್ಪು ಖಾರ ಸರಿಹೋಗುವುದು ಎಲ್ಲ ಗ್ಯಾಸಿನ ಮೇಲೆಯೇ ಮುಗಿಯಬೇಕು.

ಅಮೆರಿಕದ ರೆಸಿಪಿ ಇಲ್ಲಿ ಯಾಕೆ ಕೈಕೊಡುತ್ತದೆ

ಅಲ್ಲಿನ ಅಂಗಡಿಯ ಬೀಫ್ ಖೀಮಾದಲ್ಲಿ ಸಾಮಾನ್ಯವಾಗಿ ಶೇಕಡಾ 15ರಿಂದ 20ರಷ್ಟು ಕೊಬ್ಬು ಇರುತ್ತದೆ. ಎಳೆಯ ದನದ ಮಾಂಸ. ಬಾಣಲೆಯಲ್ಲಿ ಹತ್ತು ನಿಮಿಷ ಹುರಿದರೆ ಬೇಯುತ್ತದೆ. ಆಮೇಲೆ 'ಕೊಬ್ಬು ಬಸಿದು ಚೆಲ್ಲಿ' ಅಂತ ಬರೆದಿರುತ್ತಾರೆ.

ಇಲ್ಲಿನ ಲೆಕ್ಕ ಬೇರೆ. ಕರ್ನಾಟಕದಲ್ಲಿ 2020ರ ಜಾನುವಾರು ವಧೆ ಪ್ರತಿಬಂಧಕ ಕಾಯ್ದೆಯಂತೆ ದನ, ಎತ್ತು, ಕರು ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಅವಕಾಶ. ಹಾಗಾಗಿ ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ ಪರವಾನಗಿ ಇರುವ ಅಂಗಡಿಯಲ್ಲಿ ಬೀಫ್ ಕೇಳಿದರೆ ಸಿಗುವುದು ವಯಸ್ಸಾದ ಎಮ್ಮೆಯದೋ ಕೋಣದ್ದೋ. ಬಣ್ಣ ಗಾಢ, ಕೊಬ್ಬು ಕಡಿಮೆ, ನಾರು ಜಾಸ್ತಿ. ಹತ್ತು ನಿಮಿಷ ಹುರಿದರೆ ಅದಕ್ಕೆ ಏನೂ ಆಗುವುದಿಲ್ಲ ಮಾರಾಯ್ರೆ. ಕುಕ್ಕರ್ ಬೇಕೇ ಬೇಕು. ಇನ್ನು ಬಾಣಲೆಯ ತಳದಲ್ಲಿ ಕಾಣುವ ದ್ರವ ಕೊಬ್ಬಲ್ಲ, ಮಾಂಸ ಬಿಟ್ಟ ನೀರು. ಅದನ್ನು ಚೆಲ್ಲಿದರೆ ರುಚಿಯೂ ಹೋಯಿತು. ಅಲ್ಲೇ ಆರಿಸಬೇಕು.

ಮನೆಯಲ್ಲಿ ಬೀಫ್ ತಿನ್ನದವರು ಕುರಿ ಅಥವಾ ಕೋಳಿ ಖೀಮಾ ತೆಗೆದುಕೊಳ್ಳಿ. ಕ್ರಮ ಅದೇ, ಬೇಯುವ ಹೊತ್ತು ಮಾತ್ರ ಬದಲು.

ಸಾಮಾನು (ಐದು ಜನಕ್ಕೆ)

ಖೀಮಾ ಅರ್ಧ ಕೆಜಿ. ಮ್ಯಾಕರೋನಿ 200 ಗ್ರಾಂ. ದೊಡ್ಡ ನೀರುಳ್ಳಿ 2, ಹಣ್ಣಾದ ಟೊಮೆಟೊ 3, ಹಸಿಮೆಣಸು 2, ಶುಂಠಿ ಬೆಳ್ಳುಳ್ಳಿ ಪೇಸ್ಟ್ 1 ದೊಡ್ಡ ಚಮಚ, ಎಣ್ಣೆ 2 ದೊಡ್ಡ ಚಮಚ. ತೆಂಗಿನೆಣ್ಣೆ ಆಗುತ್ತದೆ, ಆದರೆ ಚೀಸ್ ಜೊತೆ ಅದರ ಪರಿಮಳ ಎಲ್ಲರಿಗೂ ಹಿಡಿಸುವುದಿಲ್ಲ.

ಮಸಾಲೆಗೆ ಬಾಫತ್ ಪುಡಿ 2 ಸಣ್ಣ ಚಮಚ. ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಅರಿಶಿನ ಎಲ್ಲ ಅದರಲ್ಲೇ ಇರುವುದರಿಂದ ಕೆಲಸದ ದಿನಕ್ಕೆ ಇದಕ್ಕಿಂತ ಸುಲಭ ಬೇರೆ ಇಲ್ಲ. ಇಲ್ಲದಿದ್ದರೆ ಬ್ಯಾಡಗಿ ಮೆಣಸಿನ ಪುಡಿ 1 ಸಣ್ಣ ಚಮಚ, ಅದೇ ಚಮಚದಲ್ಲಿ ಕೊತ್ತಂಬರಿ ಪುಡಿ ಒಂದೂವರೆ ಚಮಚ, ಕಾಳುಮೆಣಸಿನ ಪುಡಿ ಅರ್ಧ ಚಮಚ, ಅರಿಶಿನ ಕಾಲು ಚಮಚ. ಕೊನೆಗೆ 1 ಸಣ್ಣ ಚಮಚ ವಿನಿಗರ್.

ಬಿಳಿ ಸಾಸಿಗೆ ಬೆಣ್ಣೆ 2 ದೊಡ್ಡ ಚಮಚ, ಮೈದಾ 3 ದೊಡ್ಡ ಚಮಚ, ನಂದಿನಿ ಹಾಲು ಅರ್ಧ ಲೀಟರಿನ ಒಂದು ಪ್ಯಾಕೆಟ್. ಮೇಲೆ ಹಾಕಲು ತುರಿದ ಚೀಸ್ 100 ಗ್ರಾಂ, ಎರಡು ಹಳೆಯ ಪಾವ್.

ಪಾತ್ರೆ ಮತ್ತು ಓವನ್: ಮೊದಲು ಇದನ್ನು ನೋಡಿ

ರೆಸಿಪಿಗಳಲ್ಲಿ ಬರುವ 9 ಇಂಚು ಅಗಲ, 13 ಇಂಚು ಉದ್ದದ ಟ್ರೇ ಸಣ್ಣ ಓಟಿಜಿಯೊಳಗೆ ಹೋಗುವುದಿಲ್ಲ. ಎಲ್ಲ ತುಂಬಿಸಿದ ಮೇಲೆ ಬಾಗಿಲು ಹಾಕಲಾಗದೆ ಒದ್ದಾಡುವವರು ಬಹಳ. ಖಾಲಿ ಪಾತ್ರೆಯನ್ನು ಒಳಗಿಟ್ಟು ಬಾಗಿಲು ಮುಚ್ಚಿ ನೋಡಿ. ಸುತ್ತಲೂ ಒಂದು ಬೆರಳಿನಷ್ಟು ಜಾಗ ಉಳಿಯಬೇಕು, ಇಲ್ಲದಿದ್ದರೆ ಬಿಸಿಗಾಳಿ ತಿರುಗುವುದಿಲ್ಲ. ಇಲ್ಲಿ ಕೊಟ್ಟ ಅಳತೆಗೆ ಎರಡೂವರೆ ಲೀಟರ್ ಹಿಡಿಯುವ ಪಾತ್ರೆ ಸಾಕು. ನೀರು ಅಳೆದು ಸುರಿದು ನೋಡಿದರೆ ಆಯಿತು.

ಓವನ್‌ಗೆ ಆಗುವ ಗಾಜಿನ ಪಾತ್ರೆ ಒಳ್ಳೆಯದು, ಬದಿ ಕುದಿಯುವುದು ಹೊರಗಿಂದಲೇ ಕಾಣುತ್ತದೆ. ಪ್ಲಾಸ್ಟಿಕ್ ಹಿಡಿ ಇಲ್ಲದ, ಮಟ್ಟಸ ತಳದ ಸ್ಟೀಲ್ ಪಾತ್ರೆಯೂ ಆಗುತ್ತದೆ. ಅಲ್ಯುಮಿನಿಯಂ ಕೇಕ್ ಟಿನ್ನಿನಲ್ಲಿ ಬೇಕ್ ಮಾಡಬಹುದು, ಆದರೆ ಟೊಮೆಟೊ ಹುಳಿ ಇರುವುದರಿಂದ ಉಳಿದದ್ದನ್ನು ಅದರಲ್ಲೇ ಇಡಬೇಡಿ. ಚಪಾತಿ ಬಿಸಿ ಇಡುವ ಡಬ್ಬಕ್ಕೂ ಅಂಗಡಿಯಲ್ಲಿ ಕ್ಯಾಸರೋಲ್ ಅಂತಲೇ ಹೇಳುತ್ತಾರೆ. ಅದು ಪ್ಲಾಸ್ಟಿಕ್, ಅಪ್ಪಿತಪ್ಪಿಯೂ ಓವನ್ನಿಗೆ ಇಡಬೇಡಿ.

ಮೈಕ್ರೋವೇವ್ ಮಾತ್ರ ಇದ್ದರೆ ಕನ್ವೆಕ್ಷನ್ ಮೋಡ್ ಇದೆಯೇ ನೋಡಿ. ಬರೇ ಮೈಕ್ರೋವೇವ್ ಬಿಸಿ ಮಾಡುತ್ತದೆ, ಮೇಲ್ಭಾಗ ಕೆಂಪಗೆ ಮಾಡುವುದಿಲ್ಲ.

1. ಖೀಮಾ ತರುವುದು: ಹಿಂದಿನ ದಿನವೇ

ಮಂಗಳೂರಿನ ಹಂಪನಕಟ್ಟೆಯಲ್ಲಿ ಬಸ್ಸು ಹಿಡಿದು ಮನೆ ಮುಟ್ಟುವಾಗ ಏಳು ಗಂಟೆ ಆಗುವವರು ಅದೇ ಸಂಜೆ ಖೀಮಾ ತರುವ ಯೋಚನೆ ಬಿಡಿ. ಬೆಳಿಗ್ಗೆ ಕಡಿದ ಮಾಂಸ ಕರಾವಳಿಯ ಸೆಕೆಯಲ್ಲಿ ಸಂಜೆಯವರೆಗೆ ಹೊರಗೆ ನೇತಾಡಿರುತ್ತದೆ. ಮೇಲಾಗಿ ಖೀಮಾ ಮಾಡಿದ ಮಾಂಸ ಇಡೀ ತುಂಡಿಗಿಂತ ಬೇಗ ಕೆಡುತ್ತದೆ, ಯಾಕೆಂದರೆ ಹೊರಗಿನ ಕೊಳೆ ಎಲ್ಲ ಒಳಗೆ ಬೆರೆತಿರುತ್ತದೆ. ಬೆಳಿಗ್ಗೆ ತಂದು ಫ್ರಿಜ್ಜಿನಲ್ಲಿಟ್ಟರೆ ಒಂದು, ಹೆಚ್ಚೆಂದರೆ ಎರಡು ದಿನ. ಅದಕ್ಕಿಂತ ಮುಂದೆ ಬೇಕಾದರೆ ಫ್ರೀಜರ್.

ಅಂಗಡಿಯಲ್ಲಿ ಎರಡು ಮಾತು ಹೇಳಿ. ಮೊದಲನೆಯದು, ಇಡೀ ತುಂಡನ್ನು ತೊಳೆದು, ಒರೆಸಿ, ಆಮೇಲೆ ಮೆಷಿನ್ನಿಗೆ ಹಾಕಿ ಅಂತ. ಮನೆಗೆ ತಂದು ಖೀಮಾ ತೊಳೆಯುವ ಅಭ್ಯಾಸವೇ ಅರ್ಧ ಕ್ಯಾಸರೋಲ್‌ಗಳನ್ನು ಕೆಡಿಸುವುದು. ಆ ಸಣ್ಣ ಕಾಳುಗಳ ನಡುವೆ ನಿಂತ ನೀರನ್ನು ಎಷ್ಟು ಹಿಂಡಿದರೂ ತೆಗೆಯಲಾಗುವುದಿಲ್ಲ. ಎರಡನೆಯದು, ಒಂದೇ ಸಲ ದಪ್ಪಕ್ಕೆ ತಿರುಗಿಸಿ ಅಂತ. ಎರಡು ಮೂರು ಸಲ ತಿರುಗಿಸಿದರೆ ಕುಕ್ಕರ್‌ನಲ್ಲಿ ಮುದ್ದೆಯಾಗುತ್ತದೆ.

ಫ್ರೀಜರಿಗೆ ಹಾಕುವಾಗ ಉಂಡೆ ಮಾಡಿ ಇಡಬೇಡಿ. ಕವರಿಗೆ ಹಾಕಿ ಕೈಯಿಂದ ಒತ್ತಿ ತೆಳ್ಳಗೆ ಮಾಡಿ. ಹಿಂದಿನ ರಾತ್ರಿ ಕೆಳಗಿನ ಖಾನೆಗೆ ಇಳಿಸಿದರೆ ಮರುದಿನ ಸಂಜೆಗೆ ಬಿಟ್ಟಿರುತ್ತದೆ. ಬೆಳಿಗ್ಗೆ ಕಟ್ಟೆಯ ಮೇಲಿಟ್ಟು ಆಫೀಸಿಗೆ ಹೋಗುವುದು ಬೇಡ.

ಒಳಭಾಗ ಸ್ವಲ್ಪ ಕಂದು ಬಣ್ಣಕ್ಕೆ ತಿರುಗಿದ್ದರೆ ಹೆದರಬೇಡಿ, ಗಾಳಿ ತಾಗದೆ ಹಾಗಾಗುತ್ತದೆ. ಹುಳಿ ವಾಸನೆ, ಕೈಗೆ ಲೋಳೆ, ಹಸಿರು ಛಾಯೆ ಕಂಡರೆ ಮಸಾಲೆ ಜಾಸ್ತಿ ಹಾಕಿ ಸರಿ ಮಾಡಲು ಹೋಗಬೇಡಿ. ಬಿಸಾಡಿ.

2. ಹುರಿಯುವುದು: ಕುಕ್ಕರ್ ಮುಚ್ಚಳ ಹಾಕುವ ಮೊದಲು

ಕುಕ್ಕರಿನಲ್ಲೇ ಎಣ್ಣೆ ಕಾಯಿಸಿ ಸಣ್ಣಗೆ ಹೆಚ್ಚಿದ ನೀರುಳ್ಳಿ ಹಾಕಿ. ಅಂಚು ಕಂದಾಗುವವರೆಗೆ, ಅಂದರೆ ಎಂಟು ನಿಮಿಷದಷ್ಟು. ಇಲ್ಲಿ ಅವಸರ ಮಾಡಿದರೆ ಹಸಿ ನೀರುಳ್ಳಿಯ ಸಿಹಿನೀರು ಕೊನೆಯವರೆಗೂ ಕಾಡುತ್ತದೆ. ಶುಂಠಿ ಬೆಳ್ಳುಳ್ಳಿ, ಹಸಿಮೆಣಸು ಹಾಕಿ ಒಂದು ನಿಮಿಷ ಕೈಯಾಡಿಸಿ.

ಈಗ ಉರಿ ದೊಡ್ಡದು ಮಾಡಿ ಖೀಮಾ ಹಾಕಿ, ಸೌಟಿನ ಬೆನ್ನಿನಿಂದ ಹರಡಿ, ಎರಡು ಮೂರು ನಿಮಿಷ ಮುಟ್ಟದೆ ಬಿಡಿ. ಕೂಡಲೇ ಮಗುಚುತ್ತಾ ಹೋದರೆ ನೀರಿನಲ್ಲೇ ಬೇಯುತ್ತದೆ, ಬಣ್ಣ ಬರುವುದಿಲ್ಲ. ಆಮೇಲೆ ಗಂಟು ಒಡೆಯಿರಿ. ಒಂದೂ ದೊಡ್ಡ ಗಂಟು ಉಳಿಯಬಾರದು, ಕುಕ್ಕರ್‌ನಲ್ಲಿ ಅದು ಇನ್ನೂ ಗಟ್ಟಿಯಾಗುತ್ತದೆ.

ಸ್ವಲ್ಪ ಹೊತ್ತಿಗೆ ನೀರು ಬಿಡುತ್ತದೆ. ಬಿಡಲಿ. ಕಿವಿ ಕೊಡಿ: ಮೊದಲು ಬುಳುಬುಳು ಅನ್ನುತ್ತದೆ, ನೀರು ಆರುತ್ತಾ ಬಂದಂತೆ ಸದ್ದು ಚುರುಚುರು ಅಂತ ಬದಲಾಗುತ್ತದೆ. ತಳದಲ್ಲಿ ಕಂದು ಬಣ್ಣ ಹಿಡಿಯಲು ಶುರುವಾಗುತ್ತದೆ. ಆಗ ಬಾಫತ್ ಪುಡಿ ಹಾಕಿ ಅರ್ಧ ನಿಮಿಷ ಹುರಿಯಿರಿ. ಪುಡಿಯನ್ನು ಕೊನೆಗೆ ಉದುರಿಸಿದರೆ ಹಸಿ ವಾಸನೆ ಹೋಗುವುದಿಲ್ಲ, ಎಣ್ಣೆಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಕಹಿ. ಹೆಚ್ಚಿದ ಟೊಮೆಟೊ ಹಾಕಿ ತಳ ಕೆರೆದುಬಿಡಿ, ಆ ಕಂದು ಪದರದಲ್ಲೇ ರುಚಿ ಇರುವುದು. ಉಪ್ಪು ಮುಕ್ಕಾಲು ಸಣ್ಣ ಚಮಚ ಸಾಕು, ಚೀಸಿನಲ್ಲಿ ಇನ್ನಷ್ಟು ಬರುತ್ತದೆ.

3. ಬೇಯಿಸುವುದು ಮತ್ತು ನೀರು ಆರಿಸುವುದು

ಟೊಮೆಟೊ ನೀರು ಬಿಟ್ಟಿದ್ದರೆ ಬೇರೆ ನೀರು ಬೇಡ. ತೀರಾ ಒಣಗಿದ್ದರೆ ಕಾಲು ಕಪ್ ಬಿಸಿನೀರು ಹಾಕಿ, ಇಲ್ಲದಿದ್ದರೆ ತಳ ಹತ್ತುತ್ತದೆ. ಮುಚ್ಚಳ ಹಾಕಿ ದೊಡ್ಡ ಉರಿಯಲ್ಲಿ ಒಂದು ಸೀಟಿ ಬರಲಿ. ಆಮೇಲೆ ಉರಿ ಸಣ್ಣದು ಮಾಡಿ ಬೀಫ್ ಖೀಮಾಗೆ 15 ನಿಮಿಷ, ಕುರಿಗೆ 8ರಿಂದ 10 ನಿಮಿಷ. ಕೋಳಿ ಖೀಮಾಗೆ ಕುಕ್ಕರ್ ಬೇಡವೇ ಬೇಡ, ಬಾಣಲೆಯಲ್ಲಿ ಮುಚ್ಚಿ ಹತ್ತು ನಿಮಿಷ ಸಾಕು.

ಪ್ರೆಶರ್ ತಾನಾಗಿ ಇಳಿದ ಮೇಲೆ ತೆರೆದು ಒಂದು ಕಾಳು ತೆಗೆದು ಎರಡು ಬೆರಳಿನ ನಡುವೆ ಒತ್ತಿ. ಪುಡಿಯಾಗಿ ಹೋಗಬೇಕು. ಒತ್ತಿದ್ದು ಹಿಂದಕ್ಕೆ ಉಬ್ಬಿದರೆ ಇನ್ನು ಐದು ನಿಮಿಷ ಬೇಕು. ಇಲ್ಲಿ ಬೇಯದ್ದು ಓವನ್ನಿನಲ್ಲಿ ಬೇಯುವುದಿಲ್ಲ.

ಈಗ ಬಹಳ ಜನ ತಪ್ಪು ಮಾಡುವ ಜಾಗ. ಮುಚ್ಚಳ ತೆಗೆದಾಗ ಖೀಮಾ ಸಾರಿನ ಮೇಲೆ ತೇಲುತ್ತಿರುತ್ತದೆ. ಪರಿಮಳ ಚೆನ್ನಾಗಿರುತ್ತದೆ, ಆಯ್ತು ಅಂತ ಹಾಗೇ ಸುರಿದುಬಿಡುತ್ತಾರೆ. ಆ ನೀರೇ ತಟ್ಟೆಯಲ್ಲಿ ಹರಿಯುವ ಕೆಂಪು ನೀರು. ದೊಡ್ಡ ಉರಿಯಲ್ಲಿ ಏಳೆಂಟು ನಿಮಿಷ ಮಗುಚುತ್ತಾ ಆರಿಸಿ. ಸೌಟಿನಿಂದ ತಳದಲ್ಲಿ ಒಂದು ಗೆರೆ ಎಳೆಯಿರಿ. ಎರಡೂ ಬದಿಯಿಂದ ನೀರು ಬಂದು ಗೆರೆ ಮುಚ್ಚಿದರೆ ಇನ್ನೂ ಆಗಿಲ್ಲ. ಗೆರೆ ಹಾಗೇ ನಿಂತು ಅಂಚಿನಲ್ಲಿ ಎಣ್ಣೆ ಕಂಡರೆ ಆಯಿತು.

ವಿನಿಗರ್ ಹಾಕಿ ರುಚಿ ನೋಡಿ. ಖಾರ ನಿಮ್ಮ ಬಾಯಿಗೆ ಒಂದು ಚೂರು ಜಾಸ್ತಿ ಅನಿಸಬೇಕು. ಮ್ಯಾಕರೋನಿ, ಹಾಲು, ಚೀಸ್ ಸೇರಿದ ಮೇಲೆ ಅದು ತಾನಾಗಿ ಇಳಿಯುತ್ತದೆ. ಮಕ್ಕಳಿಗೆ ಅಂತ ಇಲ್ಲೇ ಸಪ್ಪೆ ಮಾಡಿದರೆ ಕೊನೆಗೆ ಯಾರಿಗೂ ರುಚಿಸುವುದಿಲ್ಲ.

ಕ್ಯಾರೆಟ್, ಬೀನ್ಸ್, ಬಟಾಣಿ ಸೇರಿಸುವುದಿದ್ದರೆ ಆರಿಸುವ ಮೊದಲು ಹಾಕಿ ಬೇಯಿಸಿ. ಹಸಿ ಕ್ಯಾಪ್ಸಿಕಂ ಪದರದ ನಡುವೆ ಜೋಡಿಸಬೇಡಿ, ಅದೂ ನೀರು ಬಿಡುತ್ತದೆ.

4. ಮ್ಯಾಕರೋನಿ: ಪ್ಯಾಕೆಟ್ ಹೇಳಿದ್ದಕ್ಕಿಂತ 3 ನಿಮಿಷ ಕಡಿಮೆ

ಕುಕ್ಕರ್ ಸಣ್ಣ ಉರಿಯಲ್ಲಿರುವಾಗಲೇ ಪಕ್ಕದ ಒಲೆಯಲ್ಲಿ ಎರಡು ಲೀಟರ್ ನೀರು, ಎರಡು ಸಣ್ಣ ಚಮಚ ಉಪ್ಪು ಹಾಕಿ ಕುದಿಸಿ. ನೀರು ಚೆನ್ನಾಗಿ ಕುದಿಯುವ ಮೊದಲು ಮ್ಯಾಕರೋನಿ ಹಾಕಬೇಡಿ.

ಪ್ಯಾಕೆಟ್ಟಿನ ಹೊತ್ತಿಗಿಂತ ಮೂರು ನಿಮಿಷ ಮೊದಲೇ ಒಂದನ್ನು ಕಚ್ಚಿ ನೋಡಿ. ನಡುವೆ ಸಣ್ಣ ಬಿಳಿ ಗೆರೆ ಕಾಣಬೇಕು. ಬಸಿದು, ಒಂದು ಚಮಚ ಎಣ್ಣೆ ಸವರಿ, ಅಗಲ ತಟ್ಟೆಯಲ್ಲಿ ಹರಡಿ. ಬುಟ್ಟಿಯಲ್ಲೇ ರಾಶಿ ಬಿಟ್ಟರೆ ತನ್ನ ಬಿಸಿಯಲ್ಲೇ ಬೆಂದುಹೋಗುತ್ತದೆ. ತಣ್ಣೀರು ಸುರಿಯುವುದೂ ಬೇಡ. ಕೊಳವೆಯೊಳಗೆ ನೀರು ಉಳಿದು ಮತ್ತೆ ಅದೇ ತೊಂದರೆ.

5. ಬಿಳಿ ಸಾಸ್

ಬೆಣ್ಣೆ ಸಣ್ಣ ಉರಿಯಲ್ಲಿ ಕರಗಲಿ. ಮೈದಾ ಹಾಕಿ ಎರಡು ನಿಮಿಷ ಹುರಿಯಿರಿ. ಹಸಿ ಹಿಟ್ಟಿನ ವಾಸನೆ ಹೋಗಬೇಕು, ಬಣ್ಣ ಬದಲಾಗಬಾರದು. ಒಲೆಯಿಂದ ಇಳಿಸಿ ಬೆಚ್ಚಗಿನ ಹಾಲು ಮೊದಲು ಕಾಲು ಕಪ್ ಮಾತ್ರ ಹಾಕಿ ಕಲಸಿ. ನಯವಾದ ಮೇಲೆ ಇನ್ನು ಕಾಲು ಕಪ್. ಆಮೇಲೆ ಉಳಿದದ್ದೆಲ್ಲ ಹಾಕಿ ಮತ್ತೆ ಒಲೆಗಿಡಿ. ಒಂದೇ ಸಲ ಸುರಿದರೆ ಗಂಟು ಗ್ಯಾರಂಟಿ. ಗಂಟಾದರೆ ಜರಡಿಯಲ್ಲಿ ಸೋಸಿ, ಬಿಸಾಡಬೇಡಿ.

ಹದ ಹೇಳುವುದಾದರೆ ನೀರುದೋಸೆ ಹಿಟ್ಟಿಗಿಂತ ದಪ್ಪ, ಉದ್ದಿನ ದೋಸೆ ಹಿಟ್ಟಿಗಿಂತ ತೆಳು. ಓವನ್ನಿನಲ್ಲಿ ಇನ್ನೂ ದಪ್ಪವಾಗುವುದರಿಂದ ಈಗಲೇ ಗಟ್ಟಿ ಮಾಡಬೇಡಿ. ಚಿಟಿಕೆ ಉಪ್ಪು, ಕಾಳುಮೆಣಸಿನ ಪುಡಿ.

ಇದನ್ನು ಟೊಮೆಟೊ ಇರುವ ಬಿಸಿ ಖೀಮಾ ಜೊತೆ ಕಲಸಿ ಕುದಿಸಲು ಹೋಗಬೇಡಿ. ಹುಳಿಗೆ ಹಾಲು ಒಡೆದು ಕಾಳುಕಾಳಾಗಬಹುದು. ಬೇರೆ ಬೇರೆ ಪದರವಾಗಿಯೇ ಇರಲಿ.

6. ಪದರ ಜೋಡಿಸುವುದು

ಓವನ್ ಈಗಲೇ 190 ಡಿಗ್ರಿಗೆ ಹಾಕಿ. ಮೇಲಿನ, ಕೆಳಗಿನ ಎರಡೂ ರಾಡ್, 10ರಿಂದ 12 ನಿಮಿಷ. ಕಾಯದ ಓವನ್ನಿಗೆ ಇಟ್ಟರೆ ಚೀಸ್ ಎಣ್ಣೆ ಬಿಡುತ್ತದೆ, ಕೆಂಪಾಗುವುದಿಲ್ಲ.

ಪಾತ್ರೆಗೆ ಬೆಣ್ಣೆ ಸವರಿ. ಅರ್ಧ ಸಾಸನ್ನು ಮ್ಯಾಕರೋನಿಗೆ ಕಲಸಿ ತಳಕ್ಕೆ ಹರಡಿ. ಅದರ ಮೇಲೆ ಖೀಮಾ. ಅದರ ಮೇಲೆ ಉಳಿದ ಸಾಸ್, ಅಂಚಿನವರೆಗೂ. ಖೀಮಾ ಎಲ್ಲೂ ಹೊರಗೆ ಕಾಣಬಾರದು, ಕಂಡ ಭಾಗ ಒಣಗಿ ಗಟ್ಟಿಯಾಗುತ್ತದೆ. ಮೇಲೆ ಅರ್ಧ ಇಂಚು ಜಾಗ ಖಾಲಿ ಬಿಡಿ. ತುಂಬಿಸಿದರೆ ಸಾಸ್ ಉಕ್ಕಿ ಕೆಳಗಿನ ರಾಡಿಗೆ ಬಿದ್ದು ಮನೆಯಿಡೀ ಹೊಗೆ.

ಚೀಸ್ ವಿಷಯ: ಪ್ರೊಸೆಸ್ಡ್ ಚೀಸ್‌ಗೆ ಉಪ್ಪು, ರುಚಿ ಇದೆ, ಎಳೆ ಬರುವುದಿಲ್ಲ. ಮೊಝ್ಝರೆಲ್ಲಾಗೆ ಎಳೆ ಇದೆ, ರುಚಿ ಸಪ್ಪೆ. ಅರ್ಧರ್ಧ ಹಾಕಿ. ಫ್ರಿಜ್ಜಿನಿಂದ ತೆಗೆದ ಕೂಡಲೇ ತುರಿಯಿರಿ.

ಪಾವ್ ಪುಡಿ ಮಾಡಿ ಸ್ವಲ್ಪ ಬೆಣ್ಣೆಯಲ್ಲಿ ಕಾವಲಿ ಮೇಲೆ ಗರಿಗರಿ ಹುರಿದು ಚೀಸ್ ಮೇಲೆ ಉದುರಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನು ಮೊದಲೇ ಮಾಡಿ ಡಬ್ಬಕ್ಕೆ ಹಾಕಿಡುವ ಆಸೆ ಬೇಡ. ನಮ್ಮ ಮಳೆಗಾಲದ ಥಂಡಿಗೆ ಒಂದೇ ದಿನದಲ್ಲಿ ಮೆತ್ತಗಾಗುತ್ತದೆ. ಆಗಿಂದಾಗಲೇ ಹುರಿಯಿರಿ.

7. ಓವನ್ನಿನಲ್ಲಿ 20 ನಿಮಿಷ

ನಡುವಿನ ಖಾನೆ. ಓಟಿಜಿ ತೀರಾ ಸಣ್ಣದಿದ್ದರೆ ಒಂದು ಖಾನೆ ಕೆಳಗೆ, ಮೇಲಿನ ರಾಡ್ ಹತ್ತಿರ ಇದ್ದರೆ ಹತ್ತೇ ನಿಮಿಷಕ್ಕೆ ಸುಡುತ್ತದೆ. 15 ನಿಮಿಷ ಎರಡೂ ರಾಡ್, ಕೊನೆಯ 5 ನಿಮಿಷ ಮೇಲಿನದ್ದು ಮಾತ್ರ. ಆ ಐದು ನಿಮಿಷ ಟಿವಿ ಮುಂದೆ ಹೋಗಿ ಕೂರಬೇಡಿ.

ಅಂಚಿನಲ್ಲಿ ಸಾಸ್ ಗುಳ್ಳೆ ಏಳುತ್ತಿರಬೇಕು. ನಡುವೆ ಚಾಕು ಚುಚ್ಚಿ ಹತ್ತು ಎಣಿಸಿ ತೆಗೆದು ತುದಿ ಮುಟ್ಟಿ ನೋಡಿ, ಚುರ್ ಅನ್ನಬೇಕು. ಬೆಚ್ಚಗಿದ್ದರೆ ಇನ್ನು ಐದು ನಿಮಿಷ. ಥರ್ಮಾಮೀಟರ್ ಇದ್ದರೆ ನಡುಭಾಗ 74 ಡಿಗ್ರಿ ದಾಟಲಿ. ಮೇಲ್ಭಾಗ ಮೊದಲೇ ಕಪ್ಪಾಗುತ್ತಿದ್ದರೆ ಫಾಯಿಲ್ ಸಡಿಲವಾಗಿ ಮುಚ್ಚಿ, ರಾಡಿಗೆ ತಾಗದಂತೆ.

ನಡುವೆ ಕರೆಂಟು ಹೋಯಿತಾ? ಮಳೆಗಾಲದಲ್ಲಿ ಹೋಗದೆ ಇರುತ್ತದಾ! ಒಳಗಿರುವುದೆಲ್ಲ ಬೆಂದದ್ದೇ, ಹಾಗೇ ಬಡಿಸಿ. ಮನೆಯ ಇನ್ವರ್ಟರಿನಲ್ಲಿ ಓಟಿಜಿ ಓಡಿಸಲು ಹೋಗಬೇಡಿ, ಸಾವಿರ ವ್ಯಾಟ್‌ಗಿಂತ ಜಾಸ್ತಿ ಎಳೆಯುತ್ತದೆ.

8. ಹತ್ತು ನಿಮಿಷ ಮುಟ್ಟಬೇಡಿ

ಕೂಡಲೇ ತುಂಡು ಮಾಡಿದರೆ ಪದರ ಜಾರಿ ಬೀಳುತ್ತದೆ. ಹತ್ತು ನಿಮಿಷದಲ್ಲಿ ಸಾಸ್ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಗಾಜಿನ ಪಾತ್ರೆಯನ್ನು ಒದ್ದೆ ಗ್ರಾನೈಟ್ ಕಟ್ಟೆಯ ಮೇಲೆ ಇಡಬೇಡಿ, ಬಿರುಕು ಬಿಡಬಹುದು. ಮರದ ಹಲಗೆ ಅಥವಾ ದಪ್ಪ ಬಟ್ಟೆ.

ಏಳಕ್ಕೆ ಶುರು ಮಾಡಿದರೆ ಎಂಟೂವರೆಗೆ ಊಟ. ಖೀಮಾ ಹಿಂದಿನ ರಾತ್ರಿಯೇ ಬೇಯಿಸಿ ಆರಿಸಿ ಇಟ್ಟಿದ್ದರೆ ಮುಕ್ಕಾಲು ಗಂಟೆ, ನಿಜವಾಗಿ ಕೆಲಸದ ದಿನಕ್ಕೆ ಹೊಂದುವುದು ಇದೇ. ಹಾಗೆ ಮಾಡುವಾಗ ಫ್ರಿಜ್ಜಿನ ಖೀಮಾವನ್ನು ಬಾಣಲೆಯಲ್ಲಿ ಬಿಸಿ ಮಾಡಿಯೇ ಪದರಕ್ಕೆ ಹಾಕಿ. ಪೂರ್ತಿ ಜೋಡಿಸಿದ ಗಾಜಿನ ಪಾತ್ರೆಯನ್ನು ಫ್ರಿಜ್ಜಿನಿಂದ ನೇರ ಬಿಸಿ ಓವನ್ನಿಗೆ ಇಟ್ಟರೆ ಗಾಜು ಒಡೆದೀತು.

ಓವನ್ ಇಲ್ಲದಿದ್ದರೆ

ಮಣಿಪಾಲದ ಬಾಡಿಗೆ ರೂಮಿನಲ್ಲಿ ಒಂದೇ ಒಲೆ ಇರುವವರಿಗೂ ಇದು ಆಗುತ್ತದೆ. ದಪ್ಪ ತಳದ ಬಾಣಲೆಯಲ್ಲಿ ಅದೇ ಕ್ರಮದಲ್ಲಿ ಪದರ ಹಾಕಿ, ಮುಚ್ಚಿ, ಕೆಳಗೆ ಹಳೆಯ ದೋಸೆ ಕಾವಲಿ ಇಟ್ಟು ಸಣ್ಣ ಉರಿಯಲ್ಲಿ 12 ನಿಮಿಷ. ಕಾವಲಿ ಇಲ್ಲದೆ ನೇರ ಉರಿಗಿಟ್ಟರೆ ತಳದ ಮ್ಯಾಕರೋನಿ ಸೀಯುತ್ತದೆ. ಮುಚ್ಚಳದ ಒಳಗೆ ಬಟ್ಟೆ ಕಟ್ಟಿ ಗಂಟನ್ನು ಮೇಲಕ್ಕೆ ಹಾಕಿ, ಆವಿಯ ನೀರು ಚೀಸ್ ಮೇಲೆ ಹನಿಯುವುದಿಲ್ಲ. ಹುರಿದ ಪಾವ್ ಪುಡಿಯನ್ನು ಮಾತ್ರ ಬಡಿಸುವ ಹೊತ್ತಿಗೆ ಉದುರಿಸಿ. ಮೇಲ್ಭಾಗ ಕೆಂಪಾಗುವುದಿಲ್ಲ, ಗರಿಗರಿ ಪುಡಿ ಅದನ್ನು ಸರಿದೂಗಿಸುತ್ತದೆ.

ಉಳಿದರೆ

ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಬೇಕು. ಏಪ್ರಿಲ್, ಮೇ ಸೆಕೆಯಲ್ಲಿ ಅಡುಗೆಮನೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ರಾತ್ರಿಯಿಡೀ ಆರಿದ ಓವನ್ನಿನೊಳಗೆ ಬಿಟ್ಟದ್ದನ್ನು ಬೆಳಿಗ್ಗೆ ಮಕ್ಕಳ ಟಿಫಿನ್ನಿಗೆ ಹಾಕಬೇಡಿ, ವಾಸನೆ ಸರಿ ಇದ್ದರೂ ಸಹ.

ಆಳದ ಪಾತ್ರೆಯಲ್ಲಿ ಬೇಗ ತಣಿಯುವುದಿಲ್ಲ. ತುಂಡು ಮಾಡಿ ಅಗಲ ಡಬ್ಬಕ್ಕೆ ಹಾಕಿ. ಫ್ರಿಜ್ಜಿನಲ್ಲಿ ಮೂರು, ಹೆಚ್ಚೆಂದರೆ ನಾಲ್ಕು ದಿನ. ಬಿಸಿ ಮಾಡುವಾಗ ಬೇಕಾದಷ್ಟನ್ನೇ ತೆಗೆದು, ಒಂದೆರಡು ಚಮಚ ಹಾಲು ಚಿಮುಕಿಸಿ, ಮುಚ್ಚಿ, ನಡುಭಾಗದಿಂದ ಆವಿ ಬರುವವರೆಗೆ ಕಾಯಿಸಿ. ಹಾಲು ಹಾಕದಿದ್ದರೆ ಮ್ಯಾಕರೋನಿ ಇದ್ದ ಸಾಸನ್ನೆಲ್ಲ ಕುಡಿದು ಒಣಕಲಾಗಿರುತ್ತದೆ. ಒಬ್ಬರಿಗೂ ಸಾಲದಷ್ಟು ಉಳಿದರೆ ಎರಡು ಬ್ರೆಡ್ಡಿನ ನಡುವೆ ಹಾಕಿ ಕಾವಲಿ ಮೇಲೆ ಒತ್ತಿ ಸುಡಿ. ನಡುವಿನ ಖೀಮಾ ಚೆನ್ನಾಗಿ ಬಿಸಿಯಾಗುವವರೆಗೆ ಉರಿ ಸಣ್ಣದೇ ಇರಲಿ.